ಟೀಚರ್ ಪಾಸ್‌ವರ್ಡ್ ಮರೆತಿರಲಿಲ್ಲ

ವಾರಕ್ಕೆ ಎರಡು ಟ್ಯಾಂಕರ್ ನೀರು. ನಾನು ಮಾಡಿದ ತಪ್ಪಿಗೆ ನನಗೆ ಸಿಕ್ಕ ಬೆಲೆ ಅಷ್ಟು. ಅದಕ್ಕಾಗಿ ಇನ್ನೊಬ್ಬರು ಕಳೆದುಕೊಂಡದ್ದು, ತಮ್ಮ ನೆನಪಿನ ಮೇಲೆ ತಮಗಿದ್ದ ನಂಬಿಕೆಯನ್ನು. ಔರಾದಿನ ಸುಜಾತಾ ಟೀಚರ್ ತಮ್ಮ ಇಂಟರ್‌ನೆಟ್ಟಿನ ಪಾಸ್‌ವರ್ಡನ್ನು ಒಂದು ದಿನವೂ ಮರೆತಿರಲಿಲ್ಲ. ಮರೆತಿದ್ದೀರಿ ಎಂದು ಅವರ ಎದುರಿಗೆ ನಿಂತು ಹೇಳಿದವನು ನಾನು. ಸುಳ್ಳೆಂದು ಗೊತ್ತಿದ್ದೇ ಹೇಳಿದೆ. ಒಂದು ಸಲ ಬಾಯಿ ತಪ್ಪಿ ಬಂದ ಮಾತಾಗಿದ್ದರೆ — ಆದರೆ ಆ ಚಳಿಗಾಲವಿಡೀ ಹೇಳಿದೆ.

ನನ್ನ ಹೆಸರು ಶಿವರಾಜ. ಊರು ಬಗದಲ್, ಆಗ ಮನೆ ಮಾಡಿಕೊಂಡಿದ್ದದ್ದು ಔರಾದಿನಲ್ಲಿ. ಕಂಬ ಹತ್ತಿ ಟಿವಿ ಕೇಬಲ್ ಎಳೆಯುತ್ತ ಈ ಕಸುಬಿಗೆ ಬಂದವನು. ನನ್ನ ಓದು ಹತ್ತನೇ ತರಗತಿಯ ಗಣಿತದ ಎದುರು ನಿಂತಿತು, ಮುಂದೆ ಹೋಗಲಿಲ್ಲ. ಚೌಕಾಸಿ ಮಾತ್ರ ಯಾರೂ ಕಲಿಸದೆ ಬಂತು. ವೈರು ಹಾಯಿಸಲು ಮಾಳಿಗೆ ಕೊಡದ ಮನೆಯವರನ್ನು ಒಪ್ಪಿಸುವುದು, ಕಂಪನಿಯವರು ಹೇಳಿದ ದರವನ್ನು ಚಹಾ ಮುಗಿಯುವುದರೊಳಗೆ ಇಳಿಸುವುದು — ಹೀಗೇ ಮಾಡುತ್ತ ದೊಡ್ಡ ಕಂಪನಿಯಿಂದ ಇಂಟರ್‌ನೆಟ್ ತಂದು ಬೀದರ್, ಭಾಲ್ಕಿ, ಔರಾದಿನ ಮನೆಗಳಿಗೆ ಕೊಡುವಷ್ಟು ಬೆಳೆದೆ. ನಾನು ಏನು ಮಾರುತ್ತಿದ್ದೇನೆ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ. ಅದನ್ನು ನನಗೆ ತಿಳಿಸಿಕೊಟ್ಟವರು ಸುಜಾತಾ ಟೀಚರ್. ಅದಕ್ಕೇ ಈ ತಪ್ಪು ಇನ್ನಷ್ಟು —

ಇರಲಿ. ಮೊದಲಿನಿಂದ ಹೇಳುತ್ತೇನೆ.

ಟೀಚರ್ ಮೂಲತಃ ಚಿಂತಾಕಿಯವರು. ಬೌದ್ಧ ಮನೆತನ, ಅವರ ತಂದೆ ಆ ಓಣಿಯಲ್ಲಿ ಮೊದಲು ಪದವಿ ಓದಿದವರು. ಟೀಚರ್ ಔರಾದಿನ ಪ್ರೌಢಶಾಲೆಯಲ್ಲಿ ಗಣಿತ ಹೇಳುತ್ತಿದ್ದರು, ಮದುವೆಯಾಗಿರಲಿಲ್ಲ, ತಾಯಿಯನ್ನು ನೋಡಿಕೊಂಡು ಇದ್ದರು. ಅವರ ಮನೆಗೆ ಲೈನ್ ಕೊಡಲು ನಾನೇ ಹೋಗಿದ್ದೆ. ಪಡಸಾಲೆಯ ಗೋಡೆಯಲ್ಲಿ ಬುದ್ಧನ ಚಿತ್ರ, ಅದರ ಕೆಳಗೆ ಕರಿಹಲಗೆ. ವೈರನ್ನು ಲ್ಯಾಪ್‌ಟಾಪಿಗೆ ಚುಚ್ಚಿ, ಹೆಸರು-ಪಾಸ್‌ವರ್ಡ್ ಹಾಕುವ ಚೌಕ ತೆರೆದು ತೋರಿಸಿದೆ. ಬೇರೆ ಯಾರೇ ಆಗಿದ್ದರೂ "ಸಿನಿಮಾ ಹತ್ತತದಿಲ್ರಿ?" ಎಂದು ಕೇಳುತ್ತಿದ್ದರು. ಇವರು ವೈರನ್ನು ಬೆರಳಲ್ಲಿ ಹಿಡಿದು ಕೇಳಿದರು:

"ಈ ವೈರ್ ನೂರಾರು ಮನಿಗಿ ಹೋಗ್ತದ. ಬಂದಾಕಿ ನಾನೇ ಅಂತ ಅದಕ್ಕ ಹ್ಯಾಂಗ ಗೊತ್ತಾಗ್ತದ್ರಿ?"

ನನಗೆ ಗೊತ್ತಿದ್ದಷ್ಟು ಹೇಳಿದೆ. ನೀವು ಗುಂಡಿ ಒತ್ತಿದ ಕೂಡಲೇ ನಿಮ್ಮ ಲ್ಯಾಪ್‌ಟಾಪ್ ವೈರಿನ ಮೇಲೆ ಕೂಗುತ್ತದೆ — ಯಾರಾದರೂ ಇದ್ದೀರಾ ಎಂದು. ಭಾಲ್ಕಿಯಲ್ಲಿರುವ ನನ್ನ ಯಂತ್ರ ಓಗೊಡುತ್ತದೆ. ಆಮೇಲೆ ಅದು ನಿಮ್ಮ ಹೆಸರು ಕೇಳಿ ಹೈದರಾಬಾದಿನಲ್ಲಿರುವ ಕಂಪನಿಯ ಯಂತ್ರವನ್ನು ವಿಚಾರಿಸುತ್ತದೆ — ಈ ಹೆಸರಿನವರು ನಮ್ಮವರೇ, ಪಾಸ್‌ವರ್ಡ್ ಸರಿಯೇ, ತಿಂಗಳು ಮುಗಿದಿಲ್ಲವೇ? ಅಲ್ಲಿಂದ ಹೂಂ ಬಂದರೆ ನಿಮಗೊಂದು ವಿಳಾಸ ಕೊಡುತ್ತದೆ. ಈ ಸಲ ಕೂತು ಏಳುವವರೆಗೆ ಮಾತ್ರ ಅದು ನಿಮ್ಮದು. ನೀವು ಒಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು ಎರಡನ್ನೂ ಬರೆದಿಟ್ಟುಕೊಳ್ಳುತ್ತದೆ. ಔರಾದಿನಿಂದ ಭಾಲ್ಕಿ, ಬೀದರ್, ಹೈದರಾಬಾದ್, ತಿರುಗಿ ಔರಾದ್ — ಇಷ್ಟೂ ನೀವು ಗುಂಡಿಯಿಂದ ಬೆರಳು ಎತ್ತುವುದರೊಳಗೆ ಮುಗಿದಿರುತ್ತದೆ.

"ಹಂಗಾರ ನನ್ನ ಪಾಸ್‌ವರ್ಡ್ ಹೈದರಾಬಾದ್ ತನಕಾ ವೈರ್‌ದಾಗ ನಡ್ಕೋತ ಹೋಗ್ತದೇನು? ನಡುವ ಯಾರರೆ ಹಿಡ್ದು ಓದಿದ್ರ?"

ಹತ್ತು ವರ್ಷದ ಕಸುಬಿನಲ್ಲಿ ಈ ಪ್ರಶ್ನೆ ನನಗೇ ಹೊಳೆದಿರಲಿಲ್ಲ. ಅವರೆದುರಿಗೇ ಕಂಪನಿಯ ಎಂಜಿನಿಯರಿಗೆ ಫೋನ್ ಹಚ್ಚಿ ಕೇಳಿದೆ. ಅವನು ಹೇಳಿದ್ದನ್ನು ಅರ್ಥವಾಗದೆಯೇ ಗಿಳಿಯಂತೆ ಒಪ್ಪಿಸಿದೆ: ಪಾಸ್‌ವರ್ಡ್ ಹೋಗುವುದೇ ಇಲ್ಲವಂತೆ. ಆ ಕಡೆಯ ಯಂತ್ರ ಪ್ರತಿ ಸಲವೂ ಅಂದಾಜಿಗೆ ಸಿಗದ ಹೊಸದೊಂದು ಅಂಕಿಯನ್ನು ಕಳಿಸುತ್ತದೆ. ನಿಮ್ಮ ಲ್ಯಾಪ್‌ಟಾಪ್ ಆ ಅಂಕಿಯನ್ನೂ ಪಾಸ್‌ವರ್ಡನ್ನೂ ಕಲಸಿ ಒಂದು ಲೆಕ್ಕ ಮಾಡಿ ಉತ್ತರವನ್ನಷ್ಟೇ ತಿರುಗಿ ಕಳಿಸುತ್ತದೆ. ಅಲ್ಲಿಯೂ ಅದೇ ಲೆಕ್ಕ ಮಾಡುತ್ತಾರೆ. ಎರಡು ಉತ್ತರ ಒಂದೇ ಆದರೆ ಬಾಗಿಲು ತೆರೆಯುತ್ತದೆ. ಉತ್ತರ ಕದ್ದವನಿಗೆ ಪಾಸ್‌ವರ್ಡ್ ತಿರುಗಿ ಕೈಗೆ ಬರುವುದು ಸುಲಭವಲ್ಲ.

ಟೀಚರ್ ಹಾಗೇ ನಿಂತರು. ಅವರ ಮುಖ — ಏನು ಹೇಳಲಿ. ಜಾತ್ರೆ ಸರಕು ನೋಡಿದ ಖುಷಿಯಲ್ಲ ಅದು. ದೇವರ ಕೋಣೆಯ ಬಾಗಿಲು ತೆಗೆದಾಗ ಕೆಲವರು ನಿಲ್ಲುತ್ತಾರಲ್ಲ, ಹಾಗೆ.

"ಗುಟ್ಟು ಬಾಯಿ ಬಿಡಲಾರ್ದೇ, ಗುಟ್ಟು ನನಗ ಗೊತ್ತದ ಅಂತ ತೋರ್ಸಿಕೊಡೋದು!" ಎಂದರು. "ಶಿವರಾಜ, ಇದನ್ನ ನೀವು ಓಣಿ ಓಣಿಗಿ ಹೊತ್ತು ಮಾರ್ಲಾಕತ್ತೀರಿ. ಏನ್ ಮಾರ್ಲಾಕತ್ತೀರಿ ಅಂತ ನಿಮಗರೆ ಖಬರ್ ಅದೇನು?"

"ನಮಗೇನ್ ಖಬರ್ರಿ ಟೀಚರ್, ನಾವು ವೈರ್ ಎಳಿಯೋರು."

"ಗಣಿತದಾಗ ನಪಾಸ್ ಆದೋರು ನೀವು, ಮಾರೋದು ಗಣಿತಾನೇ."

ಅಂದು ಬೈಕ್ ಹತ್ತುವಾಗ ಕಂಬದ ಮೇಲಿನ ನನ್ನದೇ ವೈರನ್ನು ತಲೆ ಎತ್ತಿ ನೋಡಿದೆ. ಕಸುಬು ಹಿಡಿದ ಮೇಲೆ ಮೊದಲ ಸಲ ಹಾಗೆ ನೋಡಿದ್ದು.

ಇನ್ನೊಂದು ಮಾತು ಹೇಳಬೇಕು, ಅದು ಮುಂದೆ ಬೇಕಾಗುತ್ತದೆ. ಆ ಚೌಕದ ಕೆಳಗೆ 'ಪಾಸ್‌ವರ್ಡ್ ನೆನಪಿಡಲೇ?' ಎಂದು ಲ್ಯಾಪ್‌ಟಾಪ್ ಕೇಳುತ್ತದೆ. ಎಲ್ಲರೂ ಅಲ್ಲಿ ಗುರುತು ಹಾಕುತ್ತಾರೆ, ದಿನಾ ಒತ್ತುವ ಕಿರಿಕಿರಿ ತಪ್ಪುತ್ತದೆ. ಟೀಚರ್ ಹಾಕಲಿಲ್ಲ. "ನೆನಪಿಡೋದು ನನ್ನ ಕೆಲಸ. ಅದಕ್ಯಾಕ ಕೊಡ್ಲಿ?" ಎಂದರು. ಆ ಮಾತಿಗೆ ಒಳಮನೆಯಲ್ಲೊಂದು ಕಾರಣವಿತ್ತು. ಅವರ ತಾಯಿಗೆ ಮರೆವಿನ ಕಾಯಿಲೆ. ನಾನಿದ್ದಾಗಲೇ ಆ ಮುದುಕಿ ಹೊರಬಂದು ಮಗಳ ಮುಖ ನೋಡಿ, "ನೀ ಯಾರ ಮಗಳವ್ವಾ? ಊಟ ಮಾಡೀದಿಲ್ಲೋ?" ಎಂದು ಕೇಳಿದರು. "ನಿನ್ ಮಗಳೇ ಆಯಿ" ಎಂದು ಟೀಚರ್ ದಿನಕ್ಕೆ ಹತ್ತು ಸಲ ಹೇಳುವ ಧಾಟಿಯಲ್ಲಿ ಹೇಳಿದರು.

ಅದು ಸಾಲಾಗಿ ಬಂದ ಬರದ ಎರಡನೆಯ ವರ್ಷ. ಔರಾದ್ ಸುತ್ತಿನ ಊರು-ತಾಂಡಾಗಳಿಂದ ಮಂದಿ ಗಂಟು ಕಟ್ಟಿಕೊಂಡು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದರು. ಜೊತೆಗೆ ಮಕ್ಕಳೂ ಹೋದರು. ಟೀಚರ್ ಅವರ ಹತ್ತನೇ ತರಗತಿಯಿಂದಲೇ ಹನ್ನೊಂದು ಮಕ್ಕಳು ಹೋದವು. ಅವರ ಹೆಸರನ್ನು ಹಾಜರಿಯಿಂದ ತೆಗೆಯಲು ಟೀಚರ್ ಒಪ್ಪಲಿಲ್ಲ. ಒಂದು ಹುಡುಗಿಯ ತಂದೆಯ ಹತ್ತಿರ ಒಳ್ಳೆಯ ಫೋನ್ ಇತ್ತು. ದಿನಾ ಸಂಜೆ ಏಳಕ್ಕೆ, ಕೆಲಸ ಬಿಟ್ಟ ಮೇಲೆ, ಆ ಮಕ್ಕಳೆಲ್ಲ ತಗಡಿನ ಶೆಡ್ಡಿನಲ್ಲಿ ಆ ಫೋನಿನ ಮುಂದೆ ಕೂಡುವುದು, ಇಲ್ಲಿ ಟೀಚರ್ ಕರಿಹಲಗೆಯ ಎದುರು ಲ್ಯಾಪ್‌ಟಾಪ್ ಇಟ್ಟು ಪಾಠ ಹೇಳುವುದು. ಮಾರ್ಚಿನಲ್ಲಿ ಊರಿಗೆ ಬಂದು ಪರೀಕ್ಷೆ ಬರೆಯಬೇಕೆಂದು ಮಾತಾಗಿತ್ತು. ಟೀಚರ್ ಮನೆಯಲ್ಲಿ ಮೊಬೈಲಿನ ನೆಟ್ ಮಾಳಿಗೆ ಹತ್ತಿದರೆ ಒಂದು ಕಡ್ಡಿ, ಇಳಿದರೆ ಅದೂ ಇಲ್ಲ. ನನ್ನ ವೈರೇ ಗತಿ.

ಒಂದು ಸಂಜೆ ಏನೋ ಕೆಲಸಕ್ಕೆ ಹೋಗಿ ಬಾಗಿಲಲ್ಲಿ ನಿಂತು ನೋಡಿದೆ. ಪರದೆಯ ಮೇಲೆ ಇಟ್ಟಿಗೆಗೆ ಒರಗಿಸಿದ ಫೋನಿನ ಓರೆ ಚಿತ್ರ, ಸಿಮೆಂಟು ಹತ್ತಿದ ತಲೆಗಳು, ಹಿಂದೆ ಅರ್ಧ ಎದ್ದ ಕಟ್ಟಡ. ಅಂಬಿಕಾ ಎಂಬ ಹುಡುಗಿ — ಆ ಫೋನಿನವನ ಮಗಳು — ಕೂಗಿದಳು: "ಟೀಚರ್, ನಿಮ್ ಬೋರ್ಡ್ ಕಾಣ್ಲಾಕತ್ತದ, ನಿಮ್ ಮೂಗು ಕಾಣವಲ್ದು!"

"ನನ್ ಮೂಗಿಗಿ ಪರೀಕ್ಷಾದಾಗ ಮಾರ್ಕ್ಸ್ ಇಲ್ಲವ್ವಾ. ಬೋರ್ಡ್ ನೋಡು."

ಅಲ್ಲಿ ಹನ್ನೊಂದು ಮಕ್ಕಳು ನಕ್ಕದ್ದು ಇಲ್ಲಿ ಔರಾದಿನ ಪಡಸಾಲೆಯಲ್ಲಿ ಕೇಳಿಸಿತು. ನಾನು ಎಳೆದ ವೈರಿನಲ್ಲಿ ಬಂದ ನಗು. ನನಗೆ ಮೈ ಜುಮ್ಮೆಂದಿತು. ಇಷ್ಟೆಲ್ಲ ಕಂಡವನು ನಾನು — ಕಾಣದೆ ಮಾಡಿದೆ ಎಂದು ಹೇಳುವ ಹಾಗಿಲ್ಲ.

ದೀಪಾವಳಿಯ ಹೊತ್ತಿಗೆ ಟೀಚರ್ ತಾಯಿಯನ್ನು ಹೈದರಾಬಾದಿನ ಡಾಕ್ಟರಿಗೆ ತೋರಿಸಲು ಹೊರಟರು. ಒಂದು ತಿಂಗಳಾಗಬಹುದು, ಅಲ್ಲಿದ್ದಷ್ಟು ದಿನ ಶೆಡ್ಡಿಗೇ ಹೋಗಿ ಪಾಠ ಹೇಳುತ್ತೇನೆ ಎಂದು ಹೇಳಿ ಹೋದರು. ಅವರ ಲೈನಿಗೆ ವರ್ಷದ ಹಣ ಮೊದಲೇ ಕಟ್ಟಿತ್ತು.

ನನ್ನ ಕಸುಬಿನವರಲ್ಲಿ ಆಗ ಒಂದು ರೂಢಿ ಇತ್ತು. ಗುಳೆ ಹೋದವರ ಮನೆಗೆ ಬೀಗ ಬಿದ್ದಿರುತ್ತದೆ. ಅವರ ಹೆಸರು ಕಂಪನಿಯಲ್ಲಿ ಇನ್ನೂ ಜೀವಂತವಿರುತ್ತದೆ. ಆ ಹೆಸರು-ಪಾಸ್‌ವರ್ಡನ್ನು ಬೇರೆ ಮನೆಯ ಪೆಟ್ಟಿಗೆಯಲ್ಲಿ, ಅಂದರೆ ರೂಟರಿನಲ್ಲಿ, ಹಾಕಿ ಬಿಡುವುದು. ಯಂತ್ರ ಕೇಳುವುದು ಹೆಸರು ಮತ್ತು ಪಾಸ್‌ವರ್ಡ್, ಅಷ್ಟೆ. ಯಾವ ಮನೆಯ ಕದ ತಟ್ಟಿ ಬಂತು ಎಂದು ಅದು ನೋಡುವುದಿಲ್ಲ. ಖಾಲಿ ಬಿದ್ದದ್ದನ್ನು ಬಳಸಿದರೆ ಯಾರಿಗೇನು ನಷ್ಟ ಎಂದು ನಾವೆಲ್ಲ ನಮಗೆ ನಾವೇ ಹೇಳಿಕೊಳ್ಳುತ್ತಿದ್ದೆವು.

ಟೀಚರ್ ಹೋದ ನಾಲ್ಕನೆಯ ದಿನ ವಿಠ್ಠಲರಾವ ಕರೆಸಿದರು. ಔರಾದಿಗೆ ಆಗ ನೀರು ಮಾರುತ್ತಿದ್ದ ಟ್ಯಾಂಕರುಗಳೆಲ್ಲ ಅವರವೇ. ಕಟ್ಟೆಯ ಮೇಲೆ ಕೂತು ಅಡಕೆ ಕತ್ತರಿಸುತ್ತ ಹೇಳಿದರು:

"ಏ ಶಿವರಾಜ, ಅಳಿಯಗೋಳು ಬಂದಾರ. ಸಂಜಿಕಿ ಕ್ರಿಕೆಟ್ ನೋಡ್ಬೇಕತ್ತಾರ. ಇವತ್ತೇ ಲೈನ್ ಹಾಕು."

"ಹಾಕ್ತೇನ್ರಿ ಕಾಕಾ. ನಿಮ್ ಆಧಾರದ್ದು ಒಂದು ಝೆರಾಕ್ಸ್ ಕೊಟ್ಟುಬಿಡ್ರಿ, ಹೊಸ ಹೆಸರು ಮಾಡಿಸ್ಬೇಕಾಗ್ತದ."

ಅಡಕೊತ್ತು ನಿಂತಿತು. "ನಾ ಯಾವ ಆಫೀಸಿಗೂ ಕಾಗದ ಕೊಡೋ ಮನಷ್ಯಾ ಅಲ್ಲ. ಬೋರ್‌ವೆಲ್ಲಿಗೇ ಕೊಟ್ಟಿಲ್ಲ, ನಿನ್ ಡಬ್ಬಿಗಿ ಕೊಡ್ತೇನೇನು? ನಿನ್ ಮನಿಗಿ ನೀರು ಹ್ಯಾಂಗ ನಡದದ?"

ನನ್ನ ಮನೆಯಲ್ಲಿ ನೀರು ನಡೆದಿರಲಿಲ್ಲ. ಕೊಡ ಹೊತ್ತು ಹೆಂಡತಿಯ ಹೆಗಲು ಇಳಿದಿತ್ತು. ನಾನು ಮುಖ ಬಾಡಿಸಿದೆ, ಅದೂ ಚೌಕಾಸಿಯ ಒಂದು ಪಟ್ಟು. ವಾರಕ್ಕೆ ಒಂದು ಟ್ಯಾಂಕರ್ ಎಂದರು. ಎರಡು ಎಂದೆ. ಚಹಾ ಬರುವಷ್ಟರಲ್ಲಿ ಎರಡಕ್ಕೆ ಕುದುರಿತು. ಆ ಸಂಜೆ ಅವರ ಮನೆಯ ಪೆಟ್ಟಿಗೆಯಲ್ಲಿ ಸುಜಾತಾ ಟೀಚರ್ ಹೆಸರು ಹಾಕಿದೆ. ಲೈನ್ ಕೊಟ್ಟ ದಿನ ಟೀಚರ್ ಫಾರಮಿನಲ್ಲಿ ತಾವೇ ಬರೆದುಕೊಟ್ಟ ಪಾಸ್‌ವರ್ಡ್ ನನ್ನ ಹತ್ತಿರವಿತ್ತು. ಬೀಗ ಬಿದ್ದ ಉಳಿದ ಮನೆಗಳವರ ತಿಂಗಳು ಮುಗಿದಿತ್ತು. ಇವರದೊಂದೇ ಇನ್ನೂ ನಡೆಯುತ್ತಿತ್ತು.

ಬಂದ ನೀರಿನಲ್ಲಿ ಓಣಿಗೂ ನಾಲ್ಕು ನಾಲ್ಕು ಕೊಡ ಕೊಟ್ಟೆ. ದೊಡ್ಡ ಮನಸ್ಸಿನ ಮನುಷ್ಯ ಎಂದರು. ಹೌದಪ್ಪಾ ಎಂದು ನಾನೂ ನಂಬಿದೆ.

ಟೀಚರ್ ಹದಿನೈದೇ ದಿನಕ್ಕೆ ತಿರುಗಿ ಬಂದರು. ತಾಯಿಯ ಕಾಯಿಲೆಗೆ ಮಾಡುವುದೇನೂ ಉಳಿದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಇಂಥ ಕಾಯಿಲೆ ಕೆಲವು ಮನೆಗಳಲ್ಲಿ ತಾಯಿಯಿಂದ ಮಕ್ಕಳಿಗೂ ಬರುವುದುಂಟು ಎಂದೂ ಹೇಳಿ ಕಳಿಸಿದ್ದರು. ಅದು ನನಗೆ ಆಮೇಲೆ ತಿಳಿಯಿತು.

ಅಂದು ಸಂಜೆ ಏಳಕ್ಕೆ ಅವರು ಹೆಸರು-ಪಾಸ್‌ವರ್ಡ್ ಒತ್ತಿದಾಗ ಬಾಗಿಲು ತೆರೆಯಲಿಲ್ಲ. ಅವರ ಹೆಸರಿನವರು ಆಗಲೇ ಒಳಗಿದ್ದರು, ಕ್ರಿಕೆಟ್ ನೋಡುತ್ತಿದ್ದರು. ಒಂದು ಹೆಸರಿಗೆ ಒಂದೇ ಪ್ರವೇಶ; ಎರಡನೆಯವರು ಬಂದರೆ ಯಂತ್ರ ತಡೆಯುತ್ತದೆ. ತಡೆಯುವಾಗ ಅದು ಪರದೆಯ ಮೇಲೆ ತೋರಿಸುವ ಸಾಲು ಒಂದೇ — ಹೆಸರು ಅಥವಾ ಪಾಸ್‌ವರ್ಡ್ ಸರಿಯಿಲ್ಲ. ಕಾರಣ ಯಾವುದೇ ಇರಲಿ, ಹೊರಗೆ ನಿಂತವರಿಗೆ ಅದೊಂದೇ ಸಾಲು. ನಿಜವಾದ ಕಾರಣ ಒಳಗಿನ ಪುಟದಲ್ಲಿರುತ್ತದೆ. ಆ ಪುಟ ಕಾಣುವುದು ನನ್ನಂಥವನಿಗೆ ಮಾತ್ರ.

ಫೋನ್ ಬಂತು. "ಶಿವರಾಜ, ಪಾಸ್‌ವರ್ಡ್ ಸರಿಯಿಲ್ಲ ಅಂತದ್ರಿ. ಮಕ್ಕಳು ಕಾಯ್ಲಾಕತ್ತಾವ."

ಗಾಬರಿಯಲ್ಲಿ ವಿಠ್ಠಲರಾವರ ಲೈನ್ ಕಿತ್ತೆ. ಟೀಚರ್ ಒಳಗೆ ಹೋದರು. ಹತ್ತು ನಿಮಿಷಕ್ಕೆ ವಿಠ್ಠಲರಾವರ ಫೋನ್: "ನಾಳಿ ನಿನ್ ಮನಿ ಮುಂದ ಟ್ಯಾಂಕರ್ ನಿಂದರಬೇಕೋ ಬ್ಯಾಡೋ?" ಮರುದಿನ ನಾನು ಮಾಡಿದ್ದು ಇದು. ಪ್ರತಿ ಯಂತ್ರಕ್ಕೂ ಕಾರ್ಖಾನೆಯಲ್ಲೇ ಬರೆದ ಒಂದು ನಂಬರಿರುತ್ತದೆ. ಒಂದು ಹೆಸರನ್ನು ಒಂದು ಯಂತ್ರದ ನಂಬರಿಗೆ ಗಂಟು ಹಾಕಿಬಿಟ್ಟರೆ ಬೇರೆ ಯಂತ್ರದಿಂದ ಆ ಹೆಸರು ಹೇಳಿ ಬಂದವರನ್ನು ಒಳಗೆ ಬಿಡುವುದಿಲ್ಲ. ಕಳ್ಳರು ಬರದಿರಲೆಂದು ಇರುವ ಸವಲತ್ತು ಅದು. ನಾನು ಟೀಚರ್ ಹೆಸರನ್ನು ವಿಠ್ಠಲರಾವರ ಪೆಟ್ಟಿಗೆಗೆ ಗಂಟು ಹಾಕಿದೆ. ತಮ್ಮದೇ ಹೆಸರಿಗೆ ಟೀಚರ್ ಹೊರಗಿನವರಾದರು.

ನನ್ನ ಹೆಸರಿನಲ್ಲೇ ಹೊಸದೊಂದು ಮಾಡಿಸಿ ವಿಠ್ಠಲರಾವರಿಗೆ ಕೊಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮಾಡಿಸಬಹುದಿತ್ತು. ಒಂದು ವಾರದ ಓಡಾಟ, ನನ್ನ ಕೈಯಿಂದ ಒಂದಿಷ್ಟು ಖರ್ಚು. ನಡೆಯುತ್ತಿದೆಯಲ್ಲ, ನೋಡೋಣ ಎಂದೆ. ಅಷ್ಟೇ ಉತ್ತರ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ಆ ಸಂಜೆ ಟೀಚರ್ ಮನೆಗೆ ನಾನೇ ಹೋದೆ. ಅವರು ಎದುರಿಗೇ ಒತ್ತಿ ತೋರಿಸಿದರು. ಅದೇ ಸಾಲು. ಮತ್ತೆ ಒತ್ತಿದರು, ನಿಧಾನವಾಗಿ, ಒಂದೊಂದೇ ಅಕ್ಷರ. ಅದೇ ಸಾಲು. ಒಳಮನೆಯಲ್ಲಿ ತಾಯಿ ಯಾರನ್ನೋ ಕರೆಯುತ್ತಿದ್ದರು. ಟೀಚರ್ ನನ್ನ ಕಡೆ ತಿರುಗಿದರು. ಒಂದು ಉತ್ತರ ಕೊಡಲೇಬೇಕಿತ್ತು. ಬಾಯಿಗೆ ಬಂದದ್ದು ಇದು:

"ಟೀಚರ್, ನೀವು ಪಾಸ್‌ವರ್ಡ್ ಮರ್ತೀರಿ."

ಅವರು ನಗುತ್ತಾರೆ, ಬೈಯುತ್ತಾರೆ ಎಂದುಕೊಂಡಿದ್ದೆ. 'ಗಣಿತದಾಗ ನಪಾಸ್ ಆದೋನು ನನಗ ಹೇಳ್ತೀಯೇನು' ಎನ್ನುತ್ತಾರೆ ಎಂದು. ಅವರು ಮಾತ್ರ ಒಳಮನೆಯ ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ಬಹಳ ಮೆಲ್ಲಗೆ, "ಹೌದೇನ್ರಿ?" ಎಂದರು.

ಆ 'ಹೌದೇನ್ರಿ' — ಅಲ್ಲಿಯೇ ನಿಲ್ಲಿಸಬಹುದಿತ್ತು. ಇಲ್ಲರಿ ಟೀಚರ್, ತಪ್ಪು ನನ್ನದು ಎಂದು ಒಂದು ಮಾತು. ಬದಲಿಗೆ "ಆಗ್ತದ್ರಿ, ಆಯಿದು ಚಿಂತಿ ಅದಲ್ಲ ನಿಮ್ಗ" ಎಂದು ಸಮಾಧಾನ ಹೇಳಿದೆ! ಮಾಳಿಗೆ ಹತ್ತಿ ಮೊಬೈಲಿನಲ್ಲಿ ಗಂಟು ಬಿಚ್ಚಿ, ಹೊಸ ಪಾಸ್‌ವರ್ಡ್ ಮಾಡಿಕೊಟ್ಟೆ. ಒಳಗೆ ಹೋದರು. ಮರುದಿನ ವಿಠ್ಠಲರಾವರ ಪೆಟ್ಟಿಗೆಯಲ್ಲೂ ಅದೇ ಪಾಸ್‌ವರ್ಡ್ ಹಾಕಿ ಮತ್ತೆ ಗಂಟು ಹಾಕಿದೆ.

ಹೀಗೆ ಮೂರು ಸಲ ಹೊಸ ಪಾಸ್‌ವರ್ಡ್ ಮಾಡಿದೆ. ಅಳಿಯಂದಿರು ಊರಿಗೆ ಹೋದ ದಿನಗಳಲ್ಲಿ ಗಂಟು ಬಿಚ್ಚುತ್ತಿದ್ದೆ, ಬಂದಾಗ ಹಾಕುತ್ತಿದ್ದೆ. ಟೀಚರ್‌ಗೆ ಅದು ಕಂಡದ್ದು ಹೇಗೆ, ಯೋಚಿಸಿ — ಕೆಲವು ದಿನ ನೆನಪು ಸರಿ ಇರುತ್ತದೆ, ಕೆಲವು ದಿನ ಕೈಕೊಡುತ್ತದೆ. ತಾಯಿಯ ಕಾಯಿಲೆ ಶುರುವಾದದ್ದೂ ಹಾಗೆಯೇ ಅಂತೆ. ಅವರು ಪಾಸ್‌ವರ್ಡನ್ನು ಕರಿಹಲಗೆಯ ಮೂಲೆಯಲ್ಲಿ ಬರೆದಿಟ್ಟರು. ಬರೆದದ್ದನ್ನೇ ನೋಡಿ ಒತ್ತಿದರೂ ಬಾಗಿಲು ತೆರೆಯದಿದ್ದಾಗ, ತಾವು ಬರೆದುಕೊಂಡದ್ದೇ ತಪ್ಪಿರಬೇಕು ಎಂದುಕೊಂಡರು. ಇಡೀ ಜಿಲ್ಲೆಯಲ್ಲಿ ಅಷ್ಟು ಚುರುಕಾದ ತಲೆ ಇನ್ನೊಂದಿರಲಿಲ್ಲ. ಅದು ನನ್ನ ಮಾತನ್ನು ನಂಬಿತು, ತನ್ನನ್ನು ನಂಬಲಿಲ್ಲ.

ಜನವರಿಯಲ್ಲಿ ಟೀಚರ್ ಲೈನ್ ಬಿಡಿಸಿದರು. ವೈರು ಸುತ್ತಿಕೊಳ್ಳಲು ಹೋದಾಗ ಕರಿಹಲಗೆ ಒರೆಸಿತ್ತು.

"ಪಾಠ, ಟೀಚರ್?"

"ಮುಂಜಾನಿ ಒತ್ತಿದ್ದು ಸಂಜಿಕಿ ನೆನಪಿರಲ್ದಾಕಿ ಮಕ್ಕಳಿಗಿ ಏನ್ ಹೇಳ್ಲಿ? ತಪ್ಪು ಲೆಕ್ಕ ಹೇಳಿಕೊಟ್ಟು ಅವು ಅದನ್ನೇ ಬರದ್ರ?"

ವೈರನ್ನು ಸುರುಳಿ ಮಾಡಿ ಹೆಗಲಿಗೆ ಹಾಕಿಕೊಂಡು ಬಂದೆ. ಆಗಲೂ ಬಾಯಿ ಬಿಡಲಿಲ್ಲ. ಮಾರ್ಚಿನಲ್ಲಿ ಹನ್ನೊಂದು ಮಕ್ಕಳಲ್ಲಿ ಪರೀಕ್ಷೆಗೆಂದು ಊರಿಗೆ ಬಂದವರು ಇಬ್ಬರು. ಅಂಬಿಕಾ ಬರಲಿಲ್ಲ. ಆ ಮಳೆಗಾಲ ಚೆನ್ನಾಗಿ ಸುರಿಯಿತು, ಟ್ಯಾಂಕರು ನಿಂತವು, ಕೊಡುಕೊಳ್ಳುವುದೂ ಮುಗಿಯಿತು. ಟೀಚರ್‌ಗೆ ಇನ್ನೂ ಹತ್ತು ವರ್ಷದ ನೌಕರಿ ಇತ್ತು, ರಾಜೀನಾಮೆ ಕೊಟ್ಟರು. ತಾಯಿ ತೀರಿದ ಮೇಲೆ ಒಬ್ಬರೇ ಇರಬಾರದೆಂದು ತಂಗಿಯ ಮನೆಗೆ, ಬೀದರಿನ ನೌಬಾದಕ್ಕೆ, ಬಂದರು. ನನ್ನ ಈಗಿನ ಆಫೀಸೂ ನೌಬಾದದಲ್ಲೇ. ವರ್ಷಗಟ್ಟಲೆ ಆ ಓಣಿಯನ್ನು ತಪ್ಪಿಸಿ ಸುತ್ತು ಹಾಕಿ ಹೋಗುತ್ತಿದ್ದೆ.

ಈಗ ಯಾಕೆ ಹೇಳುತ್ತಿದ್ದೇನೆ ಎಂದರೆ — ಈ ವರ್ಷ ಕಂಪನಿಯವರು ಹಳೆಯ ಯಂತ್ರ ತೆಗೆದು ಹೊಸದು ಕೂಡಿಸಿದರು. ಹಳೆಯ ದಾಖಲೆ ಬೇಕಿದ್ದವರು ತೆಗೆದುಕೊಳ್ಳಿ, ಉಳಿದದ್ದನ್ನು ಅಳಿಸುತ್ತೇವೆ ಎಂದು ತಿಳಿಸಿದರು. ಸುಮ್ಮನಿದ್ದರೆ ಸಾಕಿತ್ತು, ನನ್ನ ತಪ್ಪಿಗಿದ್ದ ಒಂದೇ ಸಾಕ್ಷಿ ತಾನಾಗಿ ಹೋಗುತ್ತಿತ್ತು. ಚೌಕಾಸಿಯವನಿಗೆ ಇದಕ್ಕಿಂತ ಅಗ್ಗದ ಬಿಡುಗಡೆ ಇಲ್ಲ. ಆದರೂ ಕೈ ತಡೆಯದೆ ಆ ಹೆಸರು ಹಾಕಿ ತೆರೆದೆ.

ಎಲ್ಲ ಇತ್ತು. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಯಂತ್ರದಿಂದ. ಬಹುತೇಕ ಸಂಜೆ ಏಳಕ್ಕೆ ಒಂದು ಸಾಲು, ಏಳು ದಾಟಿ ಒಂದು ನಿಮಿಷಕ್ಕೆ ಇನ್ನೊಂದು, ಎರಡು ನಿಮಿಷಕ್ಕೆ ಮತ್ತೊಂದು — ಒಬ್ಬ ಹೆಣ್ಣುಮಗಳು ಬಾಗಿಲು ತಟ್ಟಿದ ಸದ್ದೇ ಅಕ್ಷರವಾಗಿ ಕೂತ ಹಾಗೆ. ಪ್ರತಿ ಸಾಲಿನ ಕೊನೆಗೆ ಕಾರಣ: ಪಾಸ್‌ವರ್ಡ್ ಸರಿ, ಯಂತ್ರ ಬೇರೆ. ಪಾಸ್‌ವರ್ಡ್ ಸರಿ, ಯಂತ್ರ ಬೇರೆ. ಪುಟದ ಕೊನೆಯವರೆಗೂ ಅದೇ. ಮೊದಲ ದಿನದ ಸಾಲಿನಲ್ಲಿ ಮಾತ್ರ 'ಆಗಲೇ ಒಳಗಿದ್ದಾರೆ' ಎಂದಿತ್ತು. ಟೀಚರ್ ಲ್ಯಾಪ್‌ಟಾಪಿನಿಂದ ಬಂದದ್ದರಲ್ಲಿ 'ಪಾಸ್‌ವರ್ಡ್ ತಪ್ಪು' ಎಂಬ ಸಾಲು ಹುಡುಕಿದೆ. ಒಂದೂ ಇರಲಿಲ್ಲ. ಅಷ್ಟು ಕಂಗಾಲಾಗಿ, ಅಷ್ಟು ಅವಸರದಲ್ಲಿ ಒತ್ತಿದಾಗಲೂ ಆ ಬೆರಳು ಒಂದು ಅಕ್ಷರ ತಪ್ಪಿರಲಿಲ್ಲ. ನಾನು ಟೀಚರ್ ಮುಂದೆ ಏನೇನು ಬೊಗಳಿದ್ದೆನೋ, ಯಾರೂ ಇಣುಕದ ಒಂದು ಕೋಣೆಯಲ್ಲಿ ಆ ಯಂತ್ರ ನಿಜವನ್ನು ಬರೆಯುತ್ತಲೇ ಇತ್ತು.

ಅದನ್ನು ಕಾಗದದ ಮೇಲೆ ತೆಗೆಸಿದೆ. ಒಂದು ಬೆಳಿಗ್ಗೆ ಆ ಓಣಿಗೆ ಹೋದೆ.

ಬಾಗಿಲು ತೆರೆದದ್ದು ಟೀಚರ್. ಕೂದಲು ಬೆಳ್ಳಗಾಗಿತ್ತು. ಅಡುಗೆಮನೆಯ ಗೋಡೆಗೆ ಚೀಟಿಗಳು — ಗ್ಯಾಸ್ ಬಂದ್ ಮಾಡು, ಗುಳಿಗೆ ನುಂಗಿದ್ದರೆ ಗುರುತು ಹಾಕು, ತಂಗಿಯ ಫೋನ್ ನಂಬರ್. ನಾನು ಕೂಡಲಿಲ್ಲ. ನಿಂತೇ ಎಲ್ಲ ಹೇಳಿದೆ. ವಿಠ್ಠಲರಾವ, ಟ್ಯಾಂಕರ್, ಗಂಟು, ಸುಳ್ಳು. ಕಾಗದ ಕೊಟ್ಟೆ.

ಕನ್ನಡಕ ಹಾಕಿಕೊಂಡರು. ಉತ್ತರಪತ್ರಿಕೆ ತಿದ್ದುವವರ ಹಾಗೆ ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಓದಿದರು. ಹಾಳೆ ತಿರುವಿದರು. ಮತ್ತೆ ಮೊದಲಿಗೆ ಬಂದರು. ಆಮೇಲೆ ತಲೆ ಎತ್ತದೆ ಹೇಳಿದರು:

"ಚಿಂತಾಕಿ ನಾಲ್ಕು ಏಳು. ಅದು ನಾ ಇಟ್ಟಿದ್ದು. ಆಮ್ಯಾಲ ನೀವು ಕೊಟ್ಟಿದ್ದು ಮಾಂಜ್ರಾ ಒಂದು ಒಂದು. ಕಾರಂಜಾ ಎರಡು ಎರಡು. ನೌಬಾದ ಮೂರು ಮೂರು." ಕಾಗದ ಮಡಿಸುತ್ತ, "ನಂಬರ್ ಆರಿಸ್ಲಾಕೂ ಬರಂಗಿಲ್ಲ ನಿಮಗ" ಎಂದರು.

ಇಷ್ಟು ವರ್ಷವಾದ ಮೇಲೆ ಆ ನಾಲ್ಕನ್ನೂ, ಅದೇ ಸರದಿಯಲ್ಲಿ. ನಾನು ಕೊಟ್ಟವನು — ನನಗೇ ನೆನಪಿರಲಿಲ್ಲ. ನನ್ನ ಕಣ್ಣೆದುರಿಗೆ ಕೂತಿದ್ದ ಆ ತಲೆಯೊಳಗೆ ಎಲ್ಲವೂ ಇಟ್ಟಲ್ಲೇ ಇತ್ತು.

"ತಪ್ಪಾತ್ರಿ ಟೀಚರ್" ಎಂದೆ.

ಕ್ಷಮೆಯ ಮಾತೂ ಇಲ್ಲ, ಬೈಗುಳವೂ ಇಲ್ಲ. "ಅಂಬಿಕಾ ಈಗ ಎಲ್ಲಿದ್ದಾಳ?" ಎಂದು ಕೇಳಿದರು.

"ಗೊತ್ತಿಲ್ರಿ."

"ಗೊತ್ತು ಮಾಡ್ಕೋರಿ. ಪೆನ್ ಅದೇನು? ಬರ್ಕೋರಿ."

ಹನ್ನೊಂದು ಹೆಸರು ಹೇಳಿದರು. ಪ್ರತಿ ಹೆಸರಿನ ಜೊತೆ ತಂದೆಯ ಹೆಸರು, ಊರು, ಯಾವ ಲೆಕ್ಕದಲ್ಲಿ ಯಾರು ಎಡವುತ್ತಿದ್ದರು ಎಂಬುದು ಕೂಡ. ನನ್ನ ಬರಹ ಅವರ ಮಾತಿಗೆ ಸಾಲದೆ ಎರಡು ಸಲ ನಿಲ್ಲಿಸಬೇಕಾಯಿತು. ಬರೆದಾದ ಮೇಲೆ, "ಈಗ ಹೋಗ್ರಿ. ಆ ಕಾಗದ ಇಲ್ಲೇ ಇರ್ಲಿ" ಎಂದರು. ನಾನು ಮೆಟ್ಟಿಲು ಇಳಿಯುವಾಗ ಒಳಗೆ ಗೋಡೆಯಿಂದ ಚೀಟಿ ಕೀಳುವ ಸದ್ದು ಕೇಳಿಸಿತು.

ಹನ್ನೊಂದರಲ್ಲಿ ನಾಲ್ವರು ಸಿಕ್ಕಿದ್ದಾರೆ. ಅಂಬಿಕಾ ಇನ್ನೂ ಸಿಕ್ಕಿಲ್ಲ. ಸಿಕ್ಕವರ ಫೋನ್ ನಂಬರನ್ನು ಟೀಚರ್ ಮನೆಯ ಬಾಗಿಲಿಗೆ ಕೊಟ್ಟು ಬರುತ್ತೇನೆ. ಒಳಗೆ ಕರೆದಿಲ್ಲ, ಕರೆಯಲಿ ಎಂದು ನಾನು ಕಾಯುವುದೂ ಇಲ್ಲ. ಉಳಿದವರನ್ನು ಹುಡುಕುತ್ತೇನೆ.

ಕಡೆಗೆ ನಿಮಗೆ, ಈ ಕಸುಬಿನ ಒಳಗಿನವನಾಗಿ, ಉಪಯೋಗಕ್ಕೆ ಬರುವ ನಾಲ್ಕು ಮಾತು. ಲೈನ್ ಹಾಕಿಸಿಕೊಂಡ ದಿನವೇ, ಹಾಕಿದವನಿಗೆ ಗೊತ್ತಿರುವ ಪಾಸ್‌ವರ್ಡ್ ಬದಲಿಸಿ ನಿಮ್ಮದು ಇಟ್ಟುಕೊಳ್ಳಿ. ತಿಂಗಳುಗಟ್ಟಲೆ ಊರು ಬಿಡುವುದಿದ್ದರೆ, ಬರುವತನಕ ನನ್ನ ಹೆಸರು ನಿಲ್ಲಿಸಿರಿ ಎಂದು ಬರೆದು ಕೊಟ್ಟು ಒಂದು ಪ್ರತಿ ಇಟ್ಟುಕೊಳ್ಳಿ. ಬಾಗಿಲು ತೆರೆಯದಿದ್ದರೆ, ಪರದೆಯ ಮೇಲಿನ ಸಾಲನ್ನು ನಂಬಬೇಡಿ, ಎದುರಿಗೆ ನಿಂತು ಸಮಾಧಾನ ಹೇಳುವವನನ್ನೂ ನಂಬಬೇಡಿ. ನಿಮ್ಮ ಹೆಸರಿನಲ್ಲಿ ಯಾರು ಯಾವಾಗ ಒಳಗೆ ಬಂದರು, ನಿಮ್ಮನ್ನು ಯಾಕೆ ತಡೆಯಿತು ಎಂಬ ಪುಟ ಅವನ ಹತ್ತಿರ ಇದ್ದೇ ಇರುತ್ತದೆ. ಕೇಳಿ. ಇಲ್ಲ ಎಂದರೆ ಮೇಲಿನ ಕಂಪನಿಗೆ ಬರೆಯಿರಿ. ಆ ಕಾಗದ ಕೈಗೆ ಬಂದ ಮೇಲೆ ಬೇಕಿದ್ದರೆ ನಿಮ್ಮ ನೆನಪನ್ನು ಅನುಮಾನಿಸಿ — ಅದಕ್ಕೆ ಮೊದಲು ಬೇಡ.